ಹೊಂಡದ ನೀರು ಎಲ್ಲಿ ಹೋಯಿತು?

(ಶಾಲೆಯ ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ 'ವಿಜ್ಞಾನ ಮತ್ತು ಗ್ರಾಮೀಣ ಬದುಕು'. ಇಷ್ಟು ದೊಡ್ಡ ವಿಷಯ ಹಿಡಿದು ಮಾತಾಡಲು ಹೋದರೆ ನೀವೆಲ್ಲ ಅಡುಗೆಯ ಪೆಂಡಾಲಿನ ಕಡೆ ನೋಡಲು ಶುರು ಮಾಡುತ್ತೀರಿ. ಹಾಗಾಗಿ ಒಂದೇ ಒಂದು ಪ್ರಯೋಗದ ವಿಷಯ ಹೇಳುತ್ತೇನೆ. ಅದು ನೀರು ಆರುವ ಪ್ರಯೋಗ. ಪುಸ್ತಕದಲ್ಲಿ ಅದಕ್ಕೆ ಆವೀಕರಣ, ಬಾಷ್ಪೀಕರಣ ಎಂದೆಲ್ಲ ಹೆಸರಿದೆ. ಈ ಪ್ರಯೋಗದಲ್ಲಿ ನಾನು ಒಂದಲ್ಲ, ಎರಡು ತಪ್ಪು ಮಾಡಿದ್ದೆ. ಅದರಿಂದ ಒಂದು ಮನೆಯಲ್ಲಿ ಜಗಳವೂ ಆಯಿತು. ಸೇವೆಯಲ್ಲಿದ್ದಾಗ ಇದನ್ನು ಹೇಳಲು ಮನಸ್ಸಾಗಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಹೇಳಬಹುದು.

ಕೃಷಿ ಭಾಗ್ಯ ಯೋಜನೆ ಬಂದ ಹೊಸತು. ಆ ಯೋಜನೆ 2014ರಲ್ಲಿ ಶುರುವಾಯಿತು. ಒಂದೆರಡು ವರ್ಷದಲ್ಲಿ ನಮ್ಮ ಕಡೆಯ ಎರಿ ಹೊಲಗಳಲ್ಲಿ ಅಲ್ಲಲ್ಲಿ ಕಪ್ಪು ಪ್ಲಾಸ್ಟಿಕ್ ಹಾಸಿದ ಹೊಂಡಗಳು ಕಾಣತೊಡಗಿದವು. ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ, ಅವನು ಇವತ್ತು ಈ ಪೆಂಡಾಲಿನಲ್ಲೇ ಎಲ್ಲೋ ಕೂತಿದ್ದಾನೆ. ಅವರ ಹೊಲದಲ್ಲೂ ಒಂದು ಹೊಂಡ. ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್. ಹೊಂಡದ ಬದುವಿಗೆ ಹತ್ತಿಕೊಂಡೇ ಅವನ ಕಾಕಾನ ಹೊಲ. ಪಾಲು ಆಗಿ ನಾಲ್ಕೈದು ವರ್ಷವಾಗಿತ್ತು. ಪಾಲಾದ ಮನೆಗಳಲ್ಲಿ ಹೇಗಿರುತ್ತದೆಯೋ ಹಾಗೇ ಇತ್ತು.

ಶಿವರಾತ್ರಿ ಮುಗಿದ ವಾರ ನಾನು ದ್ರವಗಳು ಆವಿಯಾಗುವ ಪಾಠ ಮಾಡುತ್ತಿದ್ದೆ. ಮೇಲ್ಮೈ ಹೆಚ್ಚಾದರೆ ಬೇಗ ಆರುತ್ತದೆ, ಬಿಸಿ ಹೆಚ್ಚಾದರೆ ಬೇಗ ಆರುತ್ತದೆ, ಗಾಳಿ ಬೀಸಿದರೆ ಬೇಗ ಆರುತ್ತದೆ, ಗಾಳಿಯಲ್ಲಿ ಮೊದಲೇ ತೇವ ಇದ್ದರೆ ತಡವಾಗುತ್ತದೆ. ಈ ನಾಲ್ಕು ಅಂಶ ಬರೆಸಿದರೆ ಪಾಠ ಮುಗಿಯಿತು, ಪರೀಕ್ಷೆಗೆ ಎರಡು ಅಂಕ. ಆಗ ಈ ಹುಡುಗ ಎದ್ದು ನಿಂತ.

"ಸರ್, ಎಷ್ಟು ಬೇಗ ರೀ?"

"ಏನು ಎಷ್ಟು ಬೇಗ?"

"ನಮ್ಮ ಹೊಂಡದ ನೀರು ದಿನಾ ಒಂದು ಸೆಂಟಿಮೀಟರ್ ಮ್ಯಾಲೆ ಇಳೀತೈತ್ರಿ. ಮೋಟಾರ್ ಹಚ್ಚಿಲ್ಲಂದ್ರೂ ಇಳೀತೈತಿ. ನಮ್ಮಪ್ಪ ರಾತ್ರಿ ಯಾರೋ ಎಳೀತಾರ ಅಂತಾನ್ರಿ."

'ಯಾರೋ' ಎಂದರೆ ಯಾರು ಎಂದು ತರಗತಿಗೆಲ್ಲ ಗೊತ್ತಿತ್ತು. ಅವನು ಸುಮ್ಮನೆ ಬಾಯಿಮಾತು ತಂದಿರಲಿಲ್ಲ. ಶಾಲೆಯ ಸೀಮೆಸುಣ್ಣದ ತುಂಡು ಒಯ್ದು, ದಿನಾ ಮುಂಜಾನೆ ಶಾಲೆಗೆ ಬರುವ ಮೊದಲು ಪ್ಲಾಸ್ಟಿಕ್ಕಿನ ಮೇಲೆ ನೀರು ಮುಟ್ಟಿದ ಕಡೆ ಗೆರೆ ಎಳೆದಿದ್ದ. ಹನ್ನೆರಡು ದಿನದ ಹನ್ನೆರಡು ಗೆರೆ. ಗೆರೆಯಿಂದ ಗೆರೆಗೆ ಅಳೆದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದ: 11 ಮಿಲಿಮೀಟರ್, 12, 11, 10, 11, ಹೀಗೆ. ಸೀಮೆಸುಣ್ಣ ಎಲ್ಲಿ ಕಡಿಮೆಯಾಗುತ್ತಿದೆ ಎಂಬುದೂ ಅವತ್ತೇ ನನಗೆ ತಿಳಿಯಿತು.

ನನಗೆ ಹುರುಪು ಬಂತು. ಬಿಸಿಯೂಟದ ಕೋಣೆಯಿಂದ ಒಂದು ಸ್ಟೀಲಿನ ತಾಟು ತರಿಸಿ ಪ್ರಯೋಗಾಲಯದ ಟೇಬಲ್ ಮೇಲೆ ಇಟ್ಟೆವು. 20 ಸೆಂಟಿಮೀಟರ್ ಅಡ್ಡಳತೆ ಇದ್ದದ್ದರಿಂದ ಅದರ ಮೇಲ್ಮೈ ಸುಮಾರು 314 ಚದರ ಸೆಂಟಿಮೀಟರ್. ಅಂದರೆ 31 ಮಿಲಿಲೀಟರಿನಷ್ಟು ನೀರು ಹೋದರೆ ತಾಟಿನಲ್ಲಿ ಒಂದು ಮಿಲಿಮೀಟರ್ ಮಟ್ಟ ಇಳಿದಂತೆ. ಮರುದಿನ ಅದೇ ಹೊತ್ತಿಗೆ ಅಳತೆ ಸಿಲಿಂಡರಿನಿಂದ ನೀರು ಹಾಕಿ ಮೊದಲಿನ ಗುರುತಿಗೆ ತಂದೆವು. ಮೂರು ಮಿಲಿಮೀಟರ್ ಹೋಗಿತ್ತು.

ನಾನು ಬೋರ್ಡಿನ ಮೇಲೆ 11 ಬರೆದು ಅದರಲ್ಲಿ 3 ಕಳೆದೆ. "ನೋಡ್ರಪಾ, ಮೂರು ಮಿಲಿಮೀಟರ್ ಆರಿ ಹೋಗುತ್ತದೆ. ಉಳಿದ ಎಂಟು ಮಿಲಿಮೀಟರ್ ಬೇರೆ ಎಲ್ಲೋ ಹೋಗುತ್ತಿದೆ," ಎಂದೆ. ಬರೀ ಲೆಕ್ಕವೆಂದು ತಿಳಿದು ಹೇಳಿದೆ.

ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ಗೆಳೆಯ ಮೆಲ್ಲಗೆ ಹೇಳಿದ: "ಸರ್, ಅವರ ಮನ್ಯಾಗ ಜಗಳ ಆಗೇತ್ರಿ. ಅವರಪ್ಪ ಅವರ ಕಾಕಾನ ಮನಿ ಮುಂದ ನಿಂತು ಸಾಲ್ಯಾಗ ಮಾಸ್ತರನ ಲೆಕ್ಕಾ ಮಾಡಿ ಹೇಳ್ಯಾನ, ಎಂಟು ಮಿಲಿಮೀಟರ್ ಕಳವು ಆಗಾಕತ್ತೈತಿ ಅಂದಾನ್ರಿ. ಕೊಡ್ಲಿ ತನಕಾ ಹೋಗಿತ್ರಿ."

ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮರುದಿನ ರವಿವಾರ, ಸೈಕಲ್ ಮೋಟಾರು ಹತ್ತಿ ಹೊಲಕ್ಕೆ ಹೋದೆ. ಹೊಂಡ ನೋಡಿದ ಕೂಡಲೇ ಮೊದಲ ತಪ್ಪು ಕಣ್ಣಿಗೆ ಬಿತ್ತು. ಹೊಂಡದ ಗೋಡೆ ಬಾವಿಯಂತೆ ನೆಟ್ಟಗೆ ಇರಲಿಲ್ಲ, ಇಳಿಜಾರಾಗಿತ್ತು. ಎಷ್ಟು ಆಳವೋ ಅಷ್ಟೇ ಒಳಗೆ ಸರಿಯುವ ಇಳಿಜಾರು. ಹುಡುಗ ಗೆರೆಗಳ ನಡುವೆ ಅಳೆದದ್ದು ಇಳಿಜಾರಿನ ಮೇಲಿನ ಉದ್ದ. ಪೈಥಾಗೊರಸ್ ಪ್ರಮೇಯ ಕಲಿತವರಿಗೆ ಗೊತ್ತು, ಅಂಥ ಇಳಿಜಾರಿನ ಮೇಲೆ 11 ಮಿಲಿಮೀಟರ್ ಎಂದರೆ ನೆಟ್ಟಗೆ ಇಳಿದದ್ದು ಸುಮಾರು 8 ಮಾತ್ರ. ಅಳೆದ ಹುಡುಗನದು ತಪ್ಪಿಲ್ಲ. ಹೇಗೆ ಅಳೆದೆ ಎಂದು ಕೇಳದ ಮಾಸ್ತರನದು ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ನನ್ನ ತಾಟು ಇದ್ದದ್ದು ನಾಲ್ಕು ಗೋಡೆಯ ಒಳಗೆ, ಕಿಟಕಿ ಹಾಕಿದ ಕೋಣೆಯಲ್ಲಿ. ಹೊಂಡ ಇದ್ದದ್ದು ಬಯಲಿನಲ್ಲಿ. ಸುತ್ತ ಒಂದು ಗಿಡವಿಲ್ಲ, ಮುಂಜಾನೆಯಿಂದ ಸಂಜೆಯ ತನಕ ಬಿಸಿಲು, ಮಧ್ಯಾಹ್ನ ಗಾಳಿ. ಬಿಸಿಲೂ ಗಾಳಿಯೂ ನೀರನ್ನು ಬೇಗ ಆರಿಸುತ್ತವೆ ಎಂದು ಹಿಂದಿನ ವಾರ ನಾನೇ ಬರೆಸಿದ್ದೆ. ಬಿಸಿಲಿಲ್ಲದ, ಗಾಳಿಯಿಲ್ಲದ ಕಡೆ ತಾಟು ಇಟ್ಟು, ಅದರ ಲೆಕ್ಕವನ್ನು ಬಯಲಿನ ಹೊಂಡಕ್ಕೆ ಹಚ್ಚಿದ್ದೂ ನಾನೇ.

ಸೋಮವಾರ ತರಗತಿಗೆ ಬಂದು ಮಕ್ಕಳ ಮುಂದೆ ಹೇಳಿದೆ, ನನ್ನ ಲೆಕ್ಕ ತಪ್ಪು, ಮೊದಲಿನಿಂದ ಮಾಡೋಣ ಎಂದು. ಹುಡುಗನೂ ಅವತ್ತು ಬಂದಿದ್ದ.

ನೀರು ಆರಲು ಮುಖ್ಯವಾಗಿ ಎರಡು ಬೇಕು. ಒಂದು ಶಾಖ, ಇನ್ನೊಂದು ಆವಿಯನ್ನು ಒಳಗೆ ಕರೆದುಕೊಳ್ಳಲು ಗಾಳಿಯಲ್ಲಿ ಜಾಗ. ಎರಡನೆಯದರ ನಿಯಮವನ್ನು 1802ರಲ್ಲಿ ಜಾನ್ ಡಾಲ್ಟನ್ ಎಂಬಾತ ಹೇಳಿದ. ಪರಮಾಣು ಸಿದ್ಧಾಂತದ ಡಾಲ್ಟನ್ ಇವನೇ. ಹನ್ನೆರಡನೆಯ ವಯಸ್ಸಿನ ಸುಮಾರಿಗೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಲು ಶುರು ಮಾಡಿದವನು, ನಮ್ಮ ಕುಲದವನೇ ಅನ್ನಿ. ಅವನು ಹೇಳಿದ್ದು ಇಷ್ಟು: ನೀರಿನ ಮೇಲ್ಮೈಯಲ್ಲಿ ಆವಿಯ ಒತ್ತಡ ಎಷ್ಟು, ಮೇಲಿನ ಗಾಳಿಯಲ್ಲಿ ಈಗಾಗಲೇ ಇರುವ ಆವಿಯ ಒತ್ತಡ ಎಷ್ಟು, ಇವೆರಡರ ವ್ಯತ್ಯಾಸಕ್ಕೆ ತಕ್ಕಂತೆ ನೀರು ಆರುತ್ತದೆ. ಗಾಳಿ ಬೀಸಿದರೆ ಆ ದರ ಹೆಚ್ಚುತ್ತದೆ.

ಅಂಕಿ ಹಾಕಿ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಆವಿಯ ಒತ್ತಡ 20 ಡಿಗ್ರಿಯಲ್ಲಿ ಪಾದರಸದ 17.5 ಮಿಲಿಮೀಟರ್, 30 ಡಿಗ್ರಿಯಲ್ಲಿ 31.8, 40 ಡಿಗ್ರಿಯಲ್ಲಿ 55.3. ಹತ್ತು ಡಿಗ್ರಿಗೆ ಹೆಚ್ಚು ಕಡಿಮೆ ಮುಕ್ಕಾಲು ಪಟ್ಟು ಏರುತ್ತದೆ. ಈಗ ಮಳೆಗಾಲದ ಒಂದು ದಿನ ತೆಗೆದುಕೊಳ್ಳಿ, 30 ಡಿಗ್ರಿ, ತೇವಾಂಶ ನೂರಕ್ಕೆ 60. ಖಾಲಿ ಜಾಗ 12.7. ಬೇಸಿಗೆಯ ಒಂದು ಮಧ್ಯಾಹ್ನ, 40 ಡಿಗ್ರಿ, ತೇವಾಂಶ ನೂರಕ್ಕೆ 25. ಖಾಲಿ ಜಾಗ 41ರ ಮೇಲೆ. ಮೂರು ಪಟ್ಟಿಗಿಂತ ಹೆಚ್ಚು. ನೀರೂ ಗಾಳಿಯಷ್ಟೇ ಬಿಸಿಯಾಗಿದೆ ಎಂದು ಹಿಡಿದ ಲೆಕ್ಕ ಇದು. ನಿಜದಲ್ಲಿ ನೀರು ಸ್ವಲ್ಪ ತಣ್ಣಗೇ ಇರುತ್ತದೆ, ಆರುತ್ತಾ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ. ಹರವಿಯ ನೀರು ತಂಪಾಗಿರುವುದು ಇದರಿಂದಲೇ.

ಮಕ್ಕಳಿಗೆ ಎಂಟು ತಾಟು ಕೊಟ್ಟೆ, ಎಲ್ಲಾ ಒಂದೇ ಅಳತೆಯವು. ಪ್ರಯೋಗ ನೀವೇ ಯೋಚಿಸಿ ಇಡಿ ಎಂದೆ. ಮೊದಲ ಸಲ ಅವರು ಏನು ಮಾಡಿದರು ಗೊತ್ತೇ? ಒಂದು ತಾಟನ್ನು ಬಿಸಿಲಿಗೆ ಇಟ್ಟರು, ನೆರಳಿಗೆ ಒಂದು ಚರಗಿ ಇಟ್ಟರು. ಬಿಸಿಲಿನದು ಬೇಗ ಆರಿತು. ಬಿಸಿಲಿನಿಂದ ಆರಿತೋ, ತಾಟು ಅಗಲ ಇದ್ದದ್ದರಿಂದ ಆರಿತೋ? ಉತ್ತರ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದು ಹಾಗೇ ಇರಬೇಕು ಎಂದು ನಾನು ಹೇಳಬೇಕಾಗಲಿಲ್ಲ. ಒಬ್ಬ ಹುಡುಗಿಯೇ ಹೇಳಿದಳು: "ಸರ್, ಇದು ಜೋಳದ ರೊಟ್ಟಿ ಒಂದು ಹಂಚಿನ ಮ್ಯಾಲೆ, ಸಜ್ಜಿ ರೊಟ್ಟಿ ಇನ್ನೊಂದು ಹಂಚಿನ ಮ್ಯಾಲೆ ಸುಟ್ಟು ಯಾವ ಹಿಟ್ಟು ಚಲೋ ಅಂದಂಗ ಆತ್ರಿ."

ಎರಡನೆಯ ಸಲ ಎರಡು ತಾಟು ಬಿಸಿಲಿನಲ್ಲಿ, ಎರಡು ನೆರಳಿನಲ್ಲಿ, ಎರಡು ಗಾಳಿಗೆ ಗೋಣಿಚೀಲದ ಮರೆ ಕಟ್ಟಿದ ಬಿಸಿಲಿನಲ್ಲಿ, ಎರಡು ಮರೆ ಕಟ್ಟಿದ ನೆರಳಿನಲ್ಲಿ ಇಟ್ಟರು. ಎಲ್ಲಾ ಒಂದೇ ದಿನ, ಒಂದೇ ಹೊತ್ತಿಗೆ. ನಿನ್ನೆಯ ಬಿಸಿಲನ್ನು ಇವತ್ತಿನ ನೆರಳಿಗೆ ಹೋಲಿಸಿದರೆ ಇವತ್ತಿನ ಮೋಡ ನಡುವೆ ಬರುತ್ತದೆ. ಪ್ರತಿಯೊಂದಕ್ಕೂ ಎರಡು ತಾಟು ಏಕೆಂದರೆ ಒಂದರ ನೀರನ್ನು ಕಾಗೆ ಕುಡಿದರೆ ಇನ್ನೊಂದು ಹೇಳುತ್ತದೆ. ಕುಡಿಯಿತು ಕೂಡ. ಎರಡೂ ತಾಟು ಹತ್ತಿರ ಹತ್ತಿರ ಒಂದೇ ಉತ್ತರ ಕೊಟ್ಟರೆ ನಂಬಬಹುದು. ಒಂದು 60 ಮಿಲಿಲೀಟರ್, ಇನ್ನೊಂದು 200 ಎಂದರೆ ಏನೋ ಆಗಿದೆ, ಹೋಗಿ ನೋಡಬೇಕು.

ನಾಲ್ಕನೆಯ ದಿನ ಒಂದು ವಿಚಿತ್ರ ಕಂಡಿತು. ಶಾಲೆಯ ತಾರಸಿಯ ಮೇಲೆ ಬಿಸಿಲಿನಲ್ಲಿಟ್ಟ ಎರಡು ತಾಟಿನಲ್ಲಿ ನೀರಿನ ಟಾಕಿಯ ಕಡೆಯ ತಾಟು ದಿನಾಲೂ ಸ್ವಲ್ಪ ಕಡಿಮೆ ಆರುತ್ತಿತ್ತು. ತಾಟಿನ ದೋಷವೋ ಜಾಗದ ದೋಷವೋ? ಎರಡರ ಜಾಗ ಅದಲುಬದಲು ಮಾಡಿದೆವು. ಈಗ ಇನ್ನೊಂದು ತಾಟು ಕಡಿಮೆ ಆರಿತು. ಅಂದರೆ ಜಾಗದ ದೋಷ, ಸಂಜೆ ನಾಲ್ಕರ ಮೇಲೆ ಟಾಕಿಯ ನೆರಳು ಅಲ್ಲಿ ಬೀಳುತ್ತಿತ್ತು. ಆಮೇಲೆ ದಿನಾ ತಾಟುಗಳ ಜಾಗ ಬದಲಿಸುವುದು ನಿಯಮವಾಯಿತು. ಕೃಷಿ ವಿಶ್ವವಿದ್ಯಾಲಯದವರು ಬೀಜದ ತಳಿಗಳನ್ನು ಹೋಲಿಸುವಾಗ ಹೊಲವನ್ನು ತುಂಡು ತುಂಡು ಮಾಡಿ ತಳಿಗಳನ್ನು ಅಲ್ಲೊಂದು ಇಲ್ಲೊಂದು ಹಂಚಿ ಬಿತ್ತುತ್ತಾರಲ್ಲ, ಅದೂ ಇದೇ ಉಪಾಯ.

ಗಾಳಿಯ ತೇವ ಅಳೆಯಲು ಪ್ರಯೋಗಾಲಯದ ಎರಡು ಥರ್ಮಾಮೀಟರ್ ಸಾಕಾದವು. ಒಂದರ ಬುಡಕ್ಕೆ ಹಸಿ ಅರಿವೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿದರೆ ಅದು ಇನ್ನೊಂದಕ್ಕಿಂತ ಕೆಳಗೆ ಇಳಿಯುತ್ತದೆ. ಎಷ್ಟು ಹೆಚ್ಚು ಇಳಿದರೆ ಗಾಳಿ ಅಷ್ಟು ಒಣ. ಗಾಳಿಯ ವೇಗ ಅಳೆಯುವ ಸಾಧನ ನಮ್ಮಲ್ಲಿ ಇರಲಿಲ್ಲ. ಎಲೆ ಅಲುಗಿದರೆ ಒಂದು, ಕೊಂಬೆ ಅಲುಗಿದರೆ ಎರಡು, ಧೂಳು ಎದ್ದರೆ ಮೂರು ಎಂದು ಬರೆದುಕೊಂಡೆವು. ಒರಟು ಲೆಕ್ಕ, ಆದರೆ ಎಲ್ಲರೂ ಒಂದೇ ರೀತಿ ಬರೆದರೆ ಅದೂ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ತಾರಸಿಯ ಮೇಲಿನ ಬಿಸಿಲು-ಗಾಳಿಯ ತಾಟು ಕೊಟ್ಟ ಉತ್ತರ ದಿನಕ್ಕೆ 13 ಮಿಲಿಮೀಟರ್. ಹೊಂಡ ಇಳಿಯುತ್ತಿದ್ದದ್ದು 8. ಕೋಣೆಯ ತಾಟು ಹೇಳಿದ್ದು 3. ಕೋಣೆಯ ತಾಟನ್ನು ನಂಬಿದರೆ ಹೊಂಡದ ನೀರು ಕಳವಾಗುತ್ತಿದೆ. ತಾರಸಿಯ ತಾಟನ್ನು ನಂಬಿದರೆ ರಾತ್ರಿ ಯಾರೋ ಬಂದು ಹೊಂಡಕ್ಕೆ ನೀರು ಸುರಿದು ಹೋಗುತ್ತಿದ್ದಾರೆ! ಮಕ್ಕಳು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಸಣ್ಣ ಪಾತ್ರೆಯಿಂದ ದೊಡ್ಡ ನೀರಿಗೆ ಲೆಕ್ಕ ಹಾಕಿ ತೊಡಕಿಗೆ ಸಿಕ್ಕವರಲ್ಲಿ ನಾನು ಮೊದಲಿಗನಲ್ಲ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ 1687ರಲ್ಲಿ ಇಂಥದ್ದೇ ಪ್ರಯೋಗ ಪ್ರಕಟಿಸಿದ. ಒಂದು ಪಾತ್ರೆಯಲ್ಲಿ ಸಮುದ್ರದ ನೀರಿನಷ್ಟು ಉಪ್ಪು ಹಾಕಿದ ನೀರನ್ನು ಬೇಸಿಗೆಯ ಗಾಳಿಯಷ್ಟು ಬಿಸಿ ಮಾಡಿ, ತಕ್ಕಡಿಗೆ ತೂಗುಹಾಕಿ, ಎರಡು ಗಂಟೆಯಲ್ಲಿ ಎಷ್ಟು ತೂಕ ಇಳಿಯಿತು ಎಂದು ನೋಡಿದ. ಅದರ ಮೇಲೆ ಇಡೀ ಮೆಡಿಟರೇನಿಯನ್ ಸಮುದ್ರದಿಂದ ದಿನಕ್ಕೆ 528 ಕೋಟಿ ಟನ್ ನೀರು ಆವಿಯಾಗುತ್ತದೆ ಎಂದು ಲೆಕ್ಕ ಹಾಕಿದ. ಉಪ್ಪು ಹಾಕಿದ್ದನ್ನು ಗಮನಿಸಿ. ಉಪ್ಪು ನೀರು ಸಿಹಿ ನೀರಿಗಿಂತ ಸ್ವಲ್ಪ ನಿಧಾನವಾಗಿ ಆರುತ್ತದೆ. ಗಾಳಿ ಎಷ್ಟು ಒಯ್ಯುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿ ಹಿಡಿಯಲಾಗದು ಎಂದು ಅವನೇ ಒಪ್ಪಿಕೊಂಡ.

ತಾರಸಿಯ ತಾಟು ಏಕೆ ಅಷ್ಟು ಹೆಚ್ಚು ಹೇಳಿತು? ಇದನ್ನು ಕರೆಂಟಿನ ಯೂನಿಟ್ ಲೆಕ್ಕದಲ್ಲಿ ಹೇಳುತ್ತೇನೆ, ಎಲ್ಲರಿಗೂ ಬಿಲ್ಲು ಬರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 0.68 ಯೂನಿಟ್. ನಮ್ಮ ಕಡೆ ಮಾರ್ಚ್ ತಿಂಗಳಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಬಿಸಿಲು ದಿನಕ್ಕೆ ಆರು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಶಾಖ ಕೊಡುತ್ತದೆ. ಆ ಎಲ್ಲಾ ಶಾಖವೂ ನೀರನ್ನು ಆರಿಸಲೆಂದೇ ಖರ್ಚಾದರೂ ಚದರ ಮೀಟರಿಗೆ ಒಂಬತ್ತು ಲೀಟರ್ ಚಿಲ್ಲರೆ, ಅಂದರೆ ಒಂಬತ್ತು ಮಿಲಿಮೀಟರ್ ಚಿಲ್ಲರೆ ಮಟ್ಟ ಇಳಿಯಬೇಕು. ತಾಟಿನಲ್ಲಿ 13 ಇಳಿದಿದೆ. ಉಳಿದ ಶಾಖ ಎಲ್ಲಿಂದ ಬಂತು? ತಾಟಿನ ಅಡಿಯ ಕಾದ ಸಿಮೆಂಟಿನಿಂದ, ಕಾದ ಸ್ಟೀಲಿನ ಅಂಚಿನಿಂದ, ಸುತ್ತಲಿನ ಒಣ ಬಿಸಿ ಗಾಳಿಯಿಂದ. ತಾಟು ಸಣ್ಣದು, ನಾಲ್ಕೂ ಕಡೆಯಿಂದ ಅದಕ್ಕೆ ಶಾಖ ಬರುತ್ತದೆ. ಹವಾಮಾನ ಕೇಂದ್ರಗಳಲ್ಲಿ ಆವೀಕರಣ ಅಳೆಯಲು 1.2 ಮೀಟರ್ ಅಗಲ, 25 ಸೆಂಟಿಮೀಟರ್ ಆಳದ ದೊಡ್ಡ ತಟ್ಟೆ ಇಡುತ್ತಾರೆ. ಅಷ್ಟು ದೊಡ್ಡ ತಟ್ಟೆಯೂ ಕೆರೆಗಿಂತ ಹೆಚ್ಚೇ ಹೇಳುತ್ತದೆ. ಅದಕ್ಕಾಗಿ ಅದರ ಅಳತೆಯನ್ನು ಸುಮಾರು 0.7ರಿಂದ ಗುಣಿಸಿ ಕೆರೆಯ ಲೆಕ್ಕಕ್ಕೆ ತರುತ್ತಾರೆ.

ಹಾಗಾದರೆ ಹೊಂಡದ ನೀರಿನ ಲೆಕ್ಕ ಹೇಗೆ? ನಮ್ಮ ಮಾತಿನಲ್ಲೇ ಇದಕ್ಕೆ ಎರಡು ಪದ ಬೇರೆ ಬೇರೆ ಇವೆ, ಆರುವುದು ಮತ್ತು ಇಂಗುವುದು. ಆರುವುದು ಮೇಲಕ್ಕೆ, ಇಂಗುವುದು ಕೆಳಕ್ಕೆ. ಮೂರನೆಯದು ಕಳವು. ಮೂರನ್ನೂ ಬೇರೆ ಮಾಡಬೇಕಾದರೆ ಆರುವುದು ಮಾತ್ರ ಸಾಧ್ಯವಿರುವ ಒಂದು ಪಾತ್ರೆಯನ್ನು ಹೊಂಡದ ಒಳಗೇ ಇಡಬೇಕು. ಆಗ ಅದೇ ಬಿಸಿಲು, ಅದೇ ಗಾಳಿ, ಹೆಚ್ಚು ಕಡಿಮೆ ಅದೇ ನೀರಿನ ಬಿಸಿ.

ಹುಡುಗನ ಅಪ್ಪನ ಹತ್ತಿರ ಹೋದೆ. "ಯಜಮಾನ್ರ, ನಾನು ಹೇಳಿದ ಎಂಟು ಮಿಲಿಮೀಟರ್ ತಪ್ಪು ಲೆಕ್ಕ. ನಾಲ್ಕು ದಿನ ಮೋಟಾರ್ ಹಚ್ಚಬ್ಯಾಡ್ರಿ, ನಿಮ್ಮ ಹೊಂಡದಾಗ ಒಂದು ಬಕೀಟು ಇಡ್ತೀವಿ," ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮೆಣಸಿನ ಗಿಡಕ್ಕೆ ನೀರು ಬಿಡುವ ಪಾಳಿ ಇತ್ತು. ನಾಲ್ಕು ದಿನ ತಡೆಯುವುದೆಂದರೆ ಸಣ್ಣ ಮಾತಲ್ಲ. ಕಾಕಾನ ಮನೆಗೂ ಹೋದೆ. ಆತ ಬಾಗಿಲಲ್ಲೇ ನಿಂತು, "ಮಾಸ್ತರ್ರ, ನಿಮ್ಮ ಮಾತಿನಿಂದನ ನನ್ನ ಮ್ಯಾಲೆ ಅಪವಾದ ಬಂತು. ನೀವ ತಗದು ಹೋಗ್ರಿ," ಎಂದ. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

30 ಸೆಂಟಿಮೀಟರ್ ಬಾಯಿಯ ಬಕೀಟಿಗೆ ಹೊಂಡದ್ದೇ ನೀರು ತುಂಬಿ, ತಳದಲ್ಲಿ ಕಲ್ಲು ಹಾಕಿ, ಅಂಚು ನಾಲ್ಕು ಬೆರಳು ಮೇಲೆ ಇರುವಂತೆ ಹೊಂಡದಲ್ಲಿ ಇಳಿಬಿಟ್ಟು ನಾಲ್ಕೂ ಕಡೆ ಹಗ್ಗದಿಂದ ಬಿಗಿದೆವು. ಒಳಗೆ ಒಂದು ಮೊಳೆಯನ್ನು ಮೇಲ್ಮುಖವಾಗಿ ಬಗ್ಗಿಸಿ ಇಟ್ಟೆವು. ಮೊಳೆಯ ತುದಿ ನೀರಿನ ಮೇಲ್ಮೈಯನ್ನು ಒಳಗಿನಿಂದ ಮುಟ್ಟುವಂತೆ ನೀರು ತುಂಬಿದರೆ ಮಟ್ಟ ಬಹಳ ಸೂಕ್ಷ್ಮವಾಗಿ ತಿಳಿಯುತ್ತದೆ. ಹೊಂಡದ ಮಟ್ಟಕ್ಕೆ ಒಂದು ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಸ್ಟೀಲಿನ ಅಳತೆಪಟ್ಟಿ ಇಟ್ಟೆವು. ಪೈಪಿನೊಳಗೆ ಅಲೆ ಇರುವುದಿಲ್ಲ. ಮುಂಜಾನೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಓದಬೇಕು. ಹಗಲು, ರಾತ್ರಿ ಬೇರೆ ಬೇರೆ. ಕಳವು ರಾತ್ರಿ ಆಗುತ್ತದೆ ಎಂಬುದಲ್ಲವೇ ಆಪಾದನೆ?

ಮಕ್ಕಳು ಪಾಳಿ ಹಾಕಿಕೊಂಡರು. ಮೊದಲನೆಯ ದಿನದ ಲೆಕ್ಕ ಕೆಟ್ಟಿತು, ಯಾರದೋ ಆಡು ಬೇಲಿ ನುಸುಳಿ ಬಂದು ಹಗ್ಗ ಜಗ್ಗಿ ಬಕೀಟು ವಾಲಿತು. ಮತ್ತೆ ಶುರು ಮಾಡಿದೆವು. ನಾಲ್ಕು ದಿನ ಮುಗಿದಾಗ ಹೊಂಡ ಇಳಿದದ್ದು 32 ಮಿಲಿಮೀಟರ್. ಬಕೀಟಿಗೆ ನಾವು ಮತ್ತೆ ಹಾಕಿದ ನೀರು ಎರಡು ಲೀಟರಿನ ಮೇಲೆ ಸ್ವಲ್ಪ, ಅಂದರೆ 30 ಮಿಲಿಮೀಟರ್. ರಾತ್ರಿಯ ಹೊತ್ತಿನಲ್ಲೂ ಮಟ್ಟ ಇಳಿದಿತ್ತು, ಎರಡರಿಂದ ಎರಡೂವರೆ ಮಿಲಿಮೀಟರ್. ಹೊಂಡದಲ್ಲೂ ಇಳಿದಿತ್ತು, ಬಕೀಟಿನಲ್ಲೂ ಇಳಿದಿತ್ತು. ಹಗಲೆಲ್ಲ ಕಾದ ನೀರು ರಾತ್ರಿಯೂ ಆರುತ್ತಲೇ ಇರುತ್ತದೆ. ಸೂರ್ಯ ಮುಳುಗಿದ ಮೇಲೆ ನೀರು ಆರುವುದಿಲ್ಲ ಎಂಬುದು ಅವರಪ್ಪನ ನಂಬಿಕೆಯಾಗಿತ್ತು. ಸಂಶಯಕ್ಕೆ ಅದೇ ಮೂಲ.

ಎರಡು ಮಿಲಿಮೀಟರ್ ವ್ಯತ್ಯಾಸ ಉಳಿಯಿತಲ್ಲ, ಅದು ಇಂಗಿದ್ದೋ, ನಮ್ಮ ಓದಿನ ತಪ್ಪೋ ಹೇಳಲು ಬರುವುದಿಲ್ಲ ಎಂದೆ. ಪಟ್ಟಿಯ ಮೇಲೆ ಒಂದು ಮಿಲಿಮೀಟರ್ ಆಚೆ ಈಚೆ ಆಗಿಯೇ ಆಗುತ್ತದೆ.

ಯಜಮಾನರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನೀವು ಇಷ್ಟು ಮಂದಿ ಕಾವಲು ಕುಂತಾಗ ಯಾರ ಬಂದು ಕದೀತಾರ್ರಿ ಮಾಸ್ತರ್ರ?"

ನಾನು ಬಿಎಸ್ಸಿ ಓದುವಾಗಲೂ ಯಾರೂ ನನಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ನಾವು ನೋಡುತ್ತಿರುವುದೇ ನೋಡುವ ವಸ್ತುವನ್ನು ಬದಲಿಸಿರಬಹುದು. ನಾನು ಉತ್ತರ ಹುಡುಕುತ್ತಾ ನಿಂತೆ. ಆಗ ಹುಡುಗ ತನ್ನ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದ. ಕಾವಲು ಇಲ್ಲದ ದಿನಗಳ ಹನ್ನೆರಡು ಗೆರೆ. ಇಳಿಜಾರಿನ ಮೇಲೆ 11, 12, 11, 10. ನೆಟ್ಟಗೆ ಲೆಕ್ಕ ಮಾಡಿದರೆ ದಿನಕ್ಕೆ ಎಂಟರ ಆಸುಪಾಸು. ಕಾವಲಿದ್ದ ನಾಲ್ಕು ದಿನವೂ ದಿನಕ್ಕೆ ಎಂಟೇ. ಕಳ್ಳನಿದ್ದರೆ ಕಾವಲಿಲ್ಲದ ದಿನ ಹೆಚ್ಚು ಇಳಿಯಬೇಕಿತ್ತು. "ಅಪ್ಪಾ, ಆಗೂ ಅಷ್ಟ, ಈಗೂ ಅಷ್ಟ," ಎಂದ.

ಅಣ್ಣ ತಮ್ಮ ಅಪ್ಪಿಕೊಂಡರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವತ್ತು ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಠಾಣೆಗೆ ಅರ್ಜಿ ಕೊಡುವ ಮಾತು ಮಾತ್ರ ನಿಂತಿತು. ಯುಗಾದಿಯ ಮರುದಿನ ಕಾಕಾನ ಮನೆಯಿಂದ ಶಾಲೆಗೆ ಒಂದು ಡಬ್ಬಿ ಹೋಳಿಗೆ ಬಂತು. ಆ ಡಬ್ಬಿ ಹೊತ್ತು ತಂದವನು ಇದೇ ಹುಡುಗ.

ದಿನಕ್ಕೆ ಎಂಟು ಮಿಲಿಮೀಟರ್ ಎಂದರೆ ಎಷ್ಟು ಎಂದು ಅಮೇಲೆ ಲೆಕ್ಕ ಮಾಡಿದೆವು. ಹೊಂಡದಲ್ಲಿ ಆಗ ಅರ್ಧ ಆಳದ ನೀರು, ಮೇಲ್ಮೈ 18 ಮೀಟರ್ ಉದ್ದ, 18 ಮೀಟರ್ ಅಗಲ. ಎರಡು ಸಾವಿರದ ಆರು ನೂರು ಲೀಟರಿನ ಹತ್ತಿರ. ಹದಿನೈದು ಲೀಟರಿನ ಕೊಡವೆಂದು ಹಿಡಿದರೆ ನೂರ ಎಪ್ಪತ್ತು ಕೊಡ. ಒಬ್ಬ ತಾಯಿ ಅಷ್ಟು ಕೊಡ ಹೊರಬೇಕಾದರೆ ಎಷ್ಟು ದಿನ ಬೇಕು ಎಂದು ತರಗತಿಯ ಹೆಣ್ಣುಮಕ್ಕಳು ತಕ್ಷಣ ಹೇಳಿದರು. ಆ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಜಿಲ್ಲೆಯಲ್ಲೇ ಮುನಿರಾಬಾದಿನ ಹತ್ತಿರ ತುಂಗಭದ್ರಾ ಅಣೆಕಟ್ಟು ಇದೆ. ಕೃಷ್ಣಾ ನದಿ ನೀರಿನ ಹಂಚಿಕೆ ಮಾಡಿದ ಬಚಾವತ್ ನ್ಯಾಯಮಂಡಳಿ ಆ ಅಣೆಕಟ್ಟಿಗೆ 230 ಟಿಎಂಸಿ ನೀರು ಎಂದು ಲೆಕ್ಕ ಹಿಡಿಯಿತು. ಅದರಲ್ಲಿ 18 ಟಿಎಂಸಿ ಬರೀ ಆವಿಯಾಗಿ ಹೋಗುವ ನೀರಿನ ಬಾಬತ್ತು. ಕರ್ನಾಟಕದ ಪಾಲಿನ 151.49ರಲ್ಲಿ 12.5 ಆವಿಯದು. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ರಾಜ್ಯ ರಾಜ್ಯಗಳ ಜಗಳದಲ್ಲೂ ಆರಿ ಹೋಗುವ ನೀರಿಗೆ ಒಂದು ಸಾಲು ಬರೆದು ಲೆಕ್ಕ ಇಟ್ಟಿದ್ದಾರೆ. ಅಣ್ಣ ತಮ್ಮಂದಿರ ಜಗಳದಲ್ಲಿ ನಾವು ಆ ಸಾಲು ಬರೆಯಲು ಮರೆತಿದ್ದೆವು.

ಮುಂದಿನ ವರ್ಷದ ಮಕ್ಕಳು ನೀರು ಆರುವುದನ್ನು ಕಡಿಮೆ ಮಾಡುವ ಪ್ರಯೋಗ ಹಿಡಿದರು. ಒಂದು ತಾಟಿಗೆ ನೆರಳಿನ ಬಲೆ, ಒಂದಕ್ಕೆ ತೇಲುವ ಥರ್ಮಾಕೋಲಿನ ತುಂಡು, ಒಂದಕ್ಕೆ ಶೇಂಗಾ ಎಣ್ಣೆಯ ಹನಿ, ಒಂದು ಖಾಲಿ. ಎಣ್ಣೆಯನ್ನು ಗಾಳಿ ಒಂದು ಮೂಲೆಗೆ ತಳ್ಳಿ ಇಟ್ಟಿತು. ಥರ್ಮಾಕೋಲು ಚೆನ್ನಾಗಿ ಕೆಲಸ ಮಾಡಿತು, ಆದರೆ ಬಯಲಿನ ಹೊಂಡದಲ್ಲಿ ಹಾರಿ ಹೋಗುತ್ತದೆ. ಅಮೆರಿಕದ ಲಾಸ್ ಏಂಜಲೀಸಿನವರು 2015ರಲ್ಲಿ ಒಂದು ಜಲಾಶಯಕ್ಕೆ 9 ಕೋಟಿ 60 ಲಕ್ಷ ಕಪ್ಪು ಪ್ಲಾಸ್ಟಿಕ್ ಚೆಂಡು ಸುರಿದರು. ನಮ್ಮ ರೈತನಿಗೆ ಅದು ಆಗುವ ಮಾತಲ್ಲ. ಹೊಂಡದ ಗಾಳಿಯ ಕಡೆ ಬದುವಿಗೆ ಗಿಡ ಹಚ್ಚುವುದು ಆಗುತ್ತದೆ, ಗಿಡವೂ ನೀರು ಕುಡಿಯುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡು. ಮುಂದೆ ತೋಡುವವರು ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಿದರೆ ಅಷ್ಟೇ ನೀರಿಗೆ ಮೇಲ್ಮೈ ಕಡಿಮೆಯಾಗುತ್ತದೆ. ಮಣ್ಣು ಕುಸಿಯದಷ್ಟು ಇಳಿಜಾರು ಮಾತ್ರ ಬಿಡಲೇಬೇಕು, ಎರಿ ಮಣ್ಣು ನೆಟ್ಟಗೆ ನಿಲ್ಲುವುದಿಲ್ಲ.

ಒಂದು ಕೆಲಸ ನಮ್ಮಿಂದ ಆಗಲೇ ಇಲ್ಲ. ನಮ್ಮ ಅಳತೆಯೆಲ್ಲ ಫೆಬ್ರವರಿ, ಮಾರ್ಚ್ ತಿಂಗಳಿನದು. ಆಷಾಢದಲ್ಲಿ ಇಲ್ಲಿ ಬೀಸುವ ಗಾಳಿ ನಿಮಗೆ ಗೊತ್ತೇ ಇದೆ, ಗಾಳಿಯಂತ್ರಗಳ ರೆಕ್ಕೆ ನಿಲ್ಲುವುದೇ ಇಲ್ಲ. ಆಗ ಮೋಡ ಇರುತ್ತದೆ, ಬಿಸಿಲು ಕಡಿಮೆ, ತೇವ ಹೆಚ್ಚು. ಆದರೂ ಒಗೆದ ಬಟ್ಟೆ ಮಧ್ಯಾಹ್ನದೊಳಗೆ ಆರುತ್ತದೆ. ಆ ತಿಂಗಳಲ್ಲಿ ಹೊಂಡ ಎಷ್ಟು ಇಳಿಯುತ್ತದೆ, ಗಾಳಿಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು? ಪ್ರತಿ ವರ್ಷ ಜೂನಿನಲ್ಲಿ ದಾಖಲಾತಿ, ಪಠ್ಯಪುಸ್ತಕ, ಸೈಕಲ್ಲು ಎನ್ನುವುದರಲ್ಲೇ ನನ್ನ ಆಷಾಢಗಳು ಹೋದವು. ಬಕೀಟು, ತೂತು ಕೊರೆದ ಪೈಪು, ಬಗ್ಗಿಸಿದ ಮೊಳೆ ಇವತ್ತಿಗೂ ಪ್ರಯೋಗಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿವೆ, ನಿನ್ನೆ ನೋಡಿ ಬಂದೆ. ಹುಡುಗನ ನೋಟ್‌ಬುಕ್ ನನ್ನ ಹತ್ತಿರ ಇತ್ತು, ಅದನ್ನು ಅವನ ಒಪ್ಪಿಗೆ ಪಡೆದು ಈಗ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ಈಗಿನ ಒಂಬತ್ತನೆಯ ಇಯತ್ತೆಯವರು ಜೂನಿನಲ್ಲಿ ಶುರು ಮಾಡುವುದಾದರೆ ಮುಂಜಾನೆ ಆರರ ಪಾಳಿಗೆ ನಾನೂ ಬರುತ್ತೇನೆ. ಹೊಂಡದ ಯಜಮಾನರು ಒಪ್ಪಿದ್ದಾರೆ, ಆಡು ಕಟ್ಟಿಹಾಕುವುದಾಗಿಯೂ ಹೇಳಿದ್ದಾರೆ.